ಉಣ್ಣದವಳ ಮಾತು

ಮಕ್ಕಳೇ, ನಮ್ಮ ತುಮಕೂರಿನ ಮನೆಯ ನಡುಕೋಣೆಯ ಗೂಡಿನಲ್ಲಿ, ಕುಂಕುಮದ ಬಟ್ಟಲು ಇರಬೇಕಾದ ಜಾಗದಲ್ಲಿ, ಈಗ ಮಾತಾಡುವ ಡಬ್ಬಿಯೊಂದು ಕೂತಿದೆ. ಕುಣಿಗಲ್ಲಿನಲ್ಲಿ ನರ್ಸ್ ಆಗಿರುವ ನಿಮ್ಮ ಗೌರಿ ಅಕ್ಕ ತಂದಿಟ್ಟದ್ದು. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಅದು ಹೆಣ್ಣು ದನಿಯಲ್ಲಿ, "ಸಿದ್ದಣ್ಣ, ಊಟ ಮಾಡಿ, ಮಾತ್ರೆ ತಗೊಳ್ಳಿ" ಎನ್ನುತ್ತದೆ.

ಸಿದ್ದಣ್ಣ ನನ್ನ ಮೈದುನ, ನಿಮ್ಮ ಚಿಕ್ಕ ತಾತ. ಅರವತ್ತು ದಾಟಿದರೂ ಅವನ ಬುದ್ಧಿ ಆರೇಳು ವರ್ಷದ ಹತ್ತಿರವೇ ನಿಂತುಬಿಟ್ಟಿದೆ. ಮಾತ್ರೆ ತಪ್ಪಿದರೆ ಫಿಟ್ಸ್ ಬರುತ್ತದೆ. ನಮ್ಮೂರು ಕಡಬದಲ್ಲಿದ್ದಾಗ ಮಾತ್ರೆ ನುಂಗಿಸುವುದು ನಿಮ್ಮ ತಾತನ ಕೆಲಸವಾಗಿತ್ತು. ಪಡಸಾಲೆಯಲ್ಲಿ ಅಣ್ಣತಮ್ಮಂದಿರು ಎದುರುಬದುರು ಕೂರುತ್ತಿದ್ದರು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ನಿಮ್ಮ ತಾತ ಮೊದಲ ತುತ್ತು ನುಂಗಿ, "ನಂದಾಯ್ತು ಕಣೋ, ಈಗ ನಿಂದು" ಎಂದರೆ ಸಾಕು, ಇವನು ಬಾಯಿ ತೆರೆಯುತ್ತಿದ್ದ. ನಾನು ಬಾಗಿಲ ಮರೆಯಲ್ಲಿ ನಿಂತು, ಯಾರಿಗೆ ಸಾರು ಬೇಕೋ ಎಂದು ಕಾಯುತ್ತಿದ್ದೆ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ, ಆರಿದ ಮುದ್ದೆ ಉಣ್ಣುವುದು ನಮ್ಮ ಅತ್ತೆ ಹೇಳಿಕೊಟ್ಟ ರೀತಿ.

ನಿಮ್ಮ ತಾತ ತೀರಿಹೋದ ಮೇಲೆ ನನಗೂ ಮರೆವು ಹತ್ತಿತು. ಅದಕ್ಕೇ ಡಬ್ಬಿ ಬಂದದ್ದು. ಸಿದ್ದಣ್ಣನಿಗೆ ಅದನ್ನು ಕಂಡರೆ ಹಿಗ್ಗು.

"ಅತ್ಗೆ, ಇವ್ಳು ನಂಗೆ 'ಮಾಡಿ', 'ತಗೊಳ್ಳಿ' ಅಂತಾಳೆ. ನೀವೆಲ್ಲ ಯಾವತ್ತಾದ್ರೂ ಅಂದಿದೀರಾ?"

ಯಾರೂ ಅವನಿಗೆ ಬಹುವಚನ ಹಚ್ಚಿರಲಿಲ್ಲ, ನಿಜ.

ಅವನ ಮುಂದೆ ತಟ್ಟೆ, ಪಕ್ಕದಲ್ಲಿ ಮಾತ್ರೆ ಇಟ್ಟು ನಾನು ಒಳಗೆ ಹೋಗುತ್ತಿದ್ದೆ. ಬಂದು ನೋಡಿದರೆ ಎರಡೂ ಖಾಲಿ. ಹೀಗಿರುವಾಗ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಿದ್ದು ಒದ್ದಾಡಿಬಿಟ್ಟ. ಆಸ್ಪತ್ರೆಯಲ್ಲಿ ಎರಡು ದಿನ. ಅವನೂ ನನ್ನ ಕೈ ಬಿಟ್ಟು ಹೋಗುತ್ತಾನೆಂದೇ ತಿಳಿದಿದ್ದೆ. ಮನೆಗೆ ಬಂದ ಮೇಲೆ ಗೌರಿ ಗೂಡು ಒರೆಸಲು ಡಬ್ಬಿ ಎತ್ತಿದರೆ, ಅದರ ಹಿಂದೆ ಎಂಟೊಂಬತ್ತು ಮಾತ್ರೆ, ಒಣಗಿದ ಮುದ್ದೆಯ ಚೂರುಗಳು.

"ಯಾಕ್ ತಾತ, ಇಲ್ಲಿ ಬಚ್ಚಿಟ್ಟಿದೀಯ?"

"ಬಚ್ಚಿಟ್ಟಿಲ್ಲ ಕಣವ್ವ. ಅವ್ಳಿಗೆ ಬಡಿಸಿದೀನಿ. ಎಲ್ರಿಗೂ ತಿನ್ನಿ ತಿನ್ನಿ ಅಂತಾಳೆ, ತಾನು ಮಾತ್ರ ಒಂದ್ ತುತ್ತೂ ತಿನ್ನಲ್ಲ. ಥೇಟ್ ಅತ್ಗೆ ಥರ."

ಗೌರಿ ನಕ್ಕಳು. ನನಗೆ ನಗು ಬರಲಿಲ್ಲ. ಐವತ್ತು ವರ್ಷ ಒಂದೇ ಮನೆಯಲ್ಲಿದ್ದು, ನಾನು ಉಣ್ಣುವುದನ್ನು ಅವನು ಒಂದು ದಿನವೂ ಕಂಡಿರಲಿಲ್ಲ.

"ಅಜ್ಜಿ, 'ನಂದಾಯ್ತು' ಅಂತ ಡಬ್ಬಿ ಕೈಲೇ ಹೇಳಿಸ್ಲಾ? ಒಂದ್ ನಿಮಿಷದ ಕೆಲ್ಸ."

"ಬ್ಯಾಡ ಕಣವ್ವ. ಉಣ್ಣದೇ ಹೇಳಿದ್ರೂ ಅವನು ನಂಬ್ತಾನೆ. ಅದಕ್ಕೇ ಬ್ಯಾಡ."

ಮಕ್ಕಳೇ, ಹೊತ್ತು ತಪ್ಪದೆ ಕರೆಯುವುದರಲ್ಲಿ ಆ ಡಬ್ಬಿ ನನಗಿಂತ ಮೇಲು. ನಾನು ಅದನ್ನು ದೂರುವುದಿಲ್ಲ. ಆದರೆ ಕರೆದವರು ಜೊತೆಗೆ ಕೂತು ಉಣ್ಣಬೇಕೆಂಬುದು ಸಿದ್ದಣ್ಣನ ನ್ಯಾಯ, ಮತ್ತು ಅದು ಸರಿಯಾದ ನ್ಯಾಯ.

ಮರುದಿನ ಡಬ್ಬಿ ಕರೆದಾಗ ನನ್ನ ತಟ್ಟೆಯನ್ನೂ ತಂದು ಅವನೆದುರು ಕೂತೆ. ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು, ಮುಖ ಒಂದಿಷ್ಟು ತಿರುಗಿಸಿ ತುತ್ತು ಬಾಯಿಗಿಟ್ಟೆ. ಅವನು ಬಗ್ಗಿ ನೋಡಿದ.

"ನುಂಗು ಅತ್ಗೆ."

"ನುಂಗ್ದೆ. ನಂದಾಯ್ತು ಸಿದ್ದಣ್ಣ, ಈಗ ನಿಂದು."

ಅವನು ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ನನಗೆ ತೋರಿಸಿ, ನೀರು ಕುಡಿದ. ನಾನು ಎರಡನೆಯ ತುತ್ತು ಮುರಿದೆ. ಬೆರಳು ಚುರ್ರೆಂದಿತು. ಮುದ್ದೆ ಇಷ್ಟು ಬಿಸಿಯಾಗಿರುತ್ತದೆಂಬುದೇ ನನಗೆ ಮರೆತುಹೋಗಿತ್ತು.