ಚೊಂಬಿನೊಳಗಿನ ಸಿನಿಮಾ

ಸಿನಿಮಾ ನೋಡಲು ಕೂತರೆ ನನಗೆ ನಿದ್ದೆ ಬರುತ್ತದೆ. ಇದನ್ನು ಹೇಳಿಕೊಳ್ಳಲು ಸಂಕೋಚವೇನೂ ಇರಲಿಲ್ಲ, ರಾಯದುರ್ಗದ ಡಿಗ್ರಿ ಕಾಲೇಜೊಂದು ನನ್ನನ್ನು ಸಿನಿಮಾ ಪಾಠಕ್ಕೆ ಕರೆಯುವವರೆಗೆ.

'ಚಲನಚಿತ್ರ ಮತ್ತು ಮಾಧ್ಯಮ' ಎಂಬ ಐಚ್ಛಿಕ ವಿಷಯ ಹೊಸದಾಗಿ ಬಂದಿತ್ತು. ಕಲಿಸುವವರು ಮಾತ್ರ ಬಂದಿರಲಿಲ್ಲ. "ನೀವು ಪೇಪರ್‌ನವರು, ಮಾಧ್ಯಮ ಅಂದ್ರ ನೀವೇ ಅಲ್ರೀ? ಅರ್ಧ ಸಬ್ಜೆಕ್ಟ್ ಬಂದಂಗೇ ಆತು. ಉಳಿದರ್ಧ ಕಲಿಸ್ಕೋತ ಕಲೀರಿ" ಎಂದರು ಪ್ರಿನ್ಸಿಪಾಲರು. ಮಡಕಶಿರದ ಕಡೆಯವನಾದ ನಾನು ವರದಿಗಾರನಾಗಿ ಈ ಊರಿಗೆ ಬಂದು ನೆಲೆಸಿದವನು. ಇವರ ಮಾತಿನ ಕೊನೆಗೆ ಬರುವ 'ರೀ'ಯನ್ನು ಮೀರಿ ಇಲ್ಲ ಎನ್ನಲು ಇನ್ನೂ ಕಲಿತಿಲ್ಲ.

ಐಚ್ಛಿಕ ಎಂಬ ಪದ ಚೆನ್ನಾಗಿದೆ. ಯಾರದೋ ಇಚ್ಛೆ ಇದರಲ್ಲಿದೆ ಎಂಬ ನಂಬಿಕೆ ಹುಟ್ಟಿಸುತ್ತದೆ. ಮೊದಲ ದಿನ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದೆ. ಕಂಪ್ಯೂಟರ್‌ನಲ್ಲಿ ಸೀಟು ಸಿಗಲಿಲ್ಲ ಎಂದರು ಕೆಲವರು. ಈ ರೂಮಿನ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದನೊಬ್ಬ ಸತ್ಯಸಂಧ. ರೇಣುಕಾ ಎಂಬ ಹುಡುಗಿ ಮಾತ್ರ ಎದ್ದು ನಿಂತು, "ಪಿಕ್ಚರ್ ಅಂದ್ರ ನನಗ ಜೀವರೀ ಸರ್" ಎಂದಳು.

ಅವಳ ಬೆರಳ ತುದಿ ನೀಲಿಯಾಗಿತ್ತು. ಜೀನ್ಸ್ ಹೊಲಿಯುವ ಈ ಊರಲ್ಲಿ ಅದು ವಿಶೇಷವಲ್ಲ. ಅವಳ ತಾಯಿ ಲಕ್ಷ್ಮಕ್ಕ ಬಳ್ಳಾರಿಯ ಘಟಕಗಳಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಮಿಷಿನ್ನುಗಳನ್ನು ತಂದು ಮನೆಯ ಪಡಸಾಲೆಯಲ್ಲೇ ಹೊಲಿಗೆ ಶುರುಮಾಡಿದವಳು. ಅವಳು ಮಗಳಿಗೆ ಹಾಕಿದ್ದ ಷರತ್ತು ಇಡೀ ಕ್ಲಾಸಿಗೆ ಗೊತ್ತಿತ್ತು: ಪಾಸಾಗುತ್ತಿರುವ ತನಕ ಕಾಲೇಜು, ಒಂದು ಸಬ್ಜೆಕ್ಟಿನಲ್ಲಿ ಫೇಲಾದರೂ ಪೂರ್ತಿ ದಿನ ಮಿಷಿನ್ನು.

ನನಗೆ ಗೊತ್ತಿದ್ದ ಪಾಠ ಒಂದೇ. ಕಣ್ಣಾರೆ ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬಿಡಿ. ಅದನ್ನೇ ಪರೀಕ್ಷೆಯ ಬರಹಕ್ಕೂ ಕೊಟ್ಟೆ: ನೀವು ನೋಡಿದ ಸಿನಿಮಾದ ಒಂದು ದೃಶ್ಯವನ್ನು ಕಂಡ ಹಾಗೆ ಬರೆಯಿರಿ.

ರೇಣುಕಾ ಒಂದು ಹಳೆಯ ಚಿತ್ರದ ಅಗಲಿಕೆಯ ದೃಶ್ಯ ಬರೆದಿದ್ದಳು. ರೈಲು ಕೂಗುತ್ತದೆ. ಆಮೇಲೆ ಬಹಳ ಹೊತ್ತು ಮಾತಿಲ್ಲ. ಬೇವಿನ ಮರದ ನೆರಳಲ್ಲಿ ನಾಯಕ ತಲೆ ತಗ್ಗಿಸಿದ್ದಾನೆ. ಹೊರಟುಹೋಗಿದ್ದ ನಾಯಕಿ ಬರಿಗಾಲಲ್ಲಿ ಓಡಿ ಬರುತ್ತಾಳೆ, ಗೆಜ್ಜೆ ಘಲ್ಲೆನ್ನುತ್ತದೆ, ಅವನ ಬೆನ್ನ ಹಿಂದೆ ನಿಂತು, ಕರೆಯದೆ ಮರಳುತ್ತಾಳೆ. ಓದಿ ಮುಗಿಸಿದಾಗ ನನ್ನ ನಿದ್ದೆ ಹಾರಿಹೋಗಿತ್ತು. ಅಭ್ಯಾಸಬಲದಿಂದ ಖಚಿತಪಡಿಸಿಕೊಳ್ಳೋಣವೆಂದು ಆ ಚಿತ್ರ ಹಾಕಿ ನೋಡಿದೆ. ಬೇವಿನ ಮರ ಇರಲಿಲ್ಲ. ಬಣ್ಣ ಬಳಿದ ಪರದೆಯ ಮುಂದೆ ನಾಯಕ ಅಷ್ಟು ಹೊತ್ತೂ ಕೂದಲು ಸರಿಮಾಡಿಕೊಳ್ಳುತ್ತಿದ್ದ. ನಾಯಕಿ ಓಡಿ ಬರಲೇ ಇಲ್ಲ. ಗೆಜ್ಜೆ, ಕೊಡ ಹೊತ್ತು ಅಡ್ಡಬಂದ ಹಾಸ್ಯಪಾತ್ರದ ಕೆಲಸದಾಕೆಯದು.

"ಈ ಪಿಕ್ಚರ್ ನೋಡಿದ್ದೀಯೇನಮ್ಮ?"

"ಭಾಳ ಸಲ ನೋಡೀನ್ರಿ ಸರ್."

ಪಕ್ಕದಲ್ಲಿದ್ದ ಗೆಳತಿ ಕಿಸಕ್ಕನೆ ನಕ್ಕಳು. "ಆಕಿ ಎಲ್ಲಿ ನೋಡ್ಯಾಳ್ರೀ ಸರ್, ಕೇಳ್ಯಾಳ! ಅವರ ಮನ್ಯಾಗ ಪಿಕ್ಚರು ಚೊಂಬಿನ್ಯಾಗ ಇರ್ತೈತಿ."

ಸಂಗತಿ ಹೀಗೆ. ಹೊಲಿಯುವ ಮನೆಗಳಲ್ಲಿ ಮೊಬೈಲಿಗೆ ಸಿನಿಮಾ ಹಚ್ಚಿ ಸ್ಟೀಲಿನ ಚೊಂಬಿನೊಳಗೆ ಇಳಿಸುತ್ತಾರೆ. ಮಿಷಿನ್ನಿನ ಸದ್ದನ್ನು ಮೀರಿ ಎಲ್ಲರಿಗೂ ಕೇಳಬೇಕಲ್ಲ. "ಕಣ್ಣು ಎತ್ತಿದ್ರ ಸೂಜಿ ಬೆರಳಿಗೇ ಬರ್ತೈತ್ರಿ" ಎಂದು ಬೆರಳು ತೋರಿಸಿದಳು ರೇಣುಕಾ. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಿರಲಿಲ್ಲ. ಅವರ ಮನೆಯಲ್ಲಿ ಸಿನಿಮಾ ನೋಡುವುದೆಂದರೇ ಅದು. ಆಮೇಲೆ ಮುಖ ಸಣ್ಣದಾಯಿತು. "ಸರ್, ಫೇಲ್ ಮಾಡ್ತೀರೇನ್ರಿ?"

ನಮ್ಮ ಹಿಂದಿನವರು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡು ಮಾಡಿ ಕೈತೊಳೆದುಕೊಂಡರು. ನೋಡಬೇಕಾದದ್ದನ್ನು ಕೇಳಿದವರಿಗೆ ಎಷ್ಟು ಅಂಕ ಎಂದು ಹೇಳಲಿಲ್ಲ. ಬಯಲಾಟದ ರಾತ್ರಿಗಳಲ್ಲಿ ಅರ್ಧ ಊರು ಮನೆಯ ಮುಂದಿನ ಮಂಚದಲ್ಲಿ ಮಲಗಿ, ಕೇಳಿಯೇ ಯುದ್ಧ ಗೆಲ್ಲುತ್ತಿತ್ತು. ನಮ್ಮ ಅಜ್ಜಿಯೂ ಅದರಲ್ಲೊಬ್ಬಳು. ಇನ್ನು ನಾನು, 'ತಿಳಿದುಬಂದಿದೆ' ಎಂಬ ಒಂದು ಪದದ ಬಲದಿಂದ ಜೀವಮಾನವಿಡೀ ಕಾಣದ ಎಷ್ಟೋ ಸಂಗತಿಗಳನ್ನು ಅಚ್ಚು ಹಾಕಿಸಿದವನು. ಆದರೂ ಪ್ರಶ್ನೆ ಇದ್ದದ್ದು ಕಂಡದ್ದರ ಬಗ್ಗೆ. ಕಾಣದ ಬೇವಿನ ಮರಕ್ಕೆ ಅಂಕ ಕೊಡಲು ಕೈ ಏಳಲಿಲ್ಲ. ಕೊನೆಗೆ ಪತ್ರಿಕೆಯ ಪದ್ಧತಿಯೇ ದಾರಿ ತೋರಿಸಿತು. ತಪ್ಪು ಅಚ್ಚಾದರೆ ನಾವು ಪತ್ರಿಕೆ ಮುಚ್ಚುವುದಿಲ್ಲ. ಮರುದಿನ ತಿದ್ದುಪಡಿ ಹಾಕುತ್ತೇವೆ. ಫಲಿತಾಂಶ ಕಳಿಸುವ ಮೊದಲು ಕ್ಲಾಸಿನಲ್ಲೇ ಆ ಚಿತ್ರ ತೋರಿಸಿದೆ. ನೋಡಿ, ಮತ್ತೆ ಬರಿ ಎಂದೆ.

ಗೆಜ್ಜೆಯ ಕೆಲಸದಾಕೆ ಬಂದಾಗ ಕ್ಲಾಸು ನಕ್ಕಿತು. ರೇಣುಕಾ ನಗಲಿಲ್ಲ. ದೀಪ ಹಾಕಿದ ಮೇಲೆ, "ಕೇಳಿದ್ದೇ ಚಲೋ ಇತ್ತು ಬಿಡ್ರಿ ಸರ್" ಎಂದಳು. ಆದರೆ ಬರೆದುಕೊಟ್ಟ ಹಾಳೆಯಲ್ಲಿ ಕೂದಲು ತೀಡುವ ನಾಯಕನಿದ್ದ, ಬಣ್ಣದ ಪರದೆಯ ಸುಕ್ಕೂ ಇತ್ತು. ಆ ಸುಕ್ಕು ನನಗೆ ಕಂಡಿರಲಿಲ್ಲ. ಪಾಸು ಮಾಡಿದೆ, ಮನಸ್ಸಿಗೆ ಯಾವ ಅಡ್ಡಿಯೂ ಇಲ್ಲದೆ.

ಫಲಿತಾಂಶ ಬಂದ ವಾರ ಅವರ ಬೀದಿಯಲ್ಲಿ ಹೋಗುತ್ತಿದ್ದಾಗ ರೇಣುಕಾ ಒಳಗೆ ಕರೆದಳು. ಮೊಬೈಲು ಚೊಂಬಿನಿಂದ ಹೊರಬಂದು ದಾರದ ಉಂಡೆಗೆ ಒರಗಿ ನಿಂತಿತ್ತು.

"ಏನು ಕಲಿಸೀರಿ ಸರ್ ಇಕಿಗೆ?" ಲಕ್ಷ್ಮಕ್ಕ ಹೊಲಿಗೆಯಿಂದ ಕಣ್ಣೆತ್ತದೆ ಕೇಳಿದಳು. "ಮಿಷಿನ್ ನಿಲ್ಲಿಸಿ ಪಿಕ್ಚರ್ ನೋಡ್ತಾಳ. ಒಂದು ಜೇಬು ಹಚ್ಚೋದ್ರಾಗ ಒಂದು ಹಾಡು ಮುಗೀತೈತಿ. ಇರ್ಲಿ, ಮುಂದಿನ ವರ್ಷಾನೂ ಹೋಗ್ಲಿ, ಪಾಸಾಗ್ಯಾಳಲ್ಲ."

"ಅವ್ವಾ, ಆ ಗೆಜ್ಜಿ ಯಾರದು ಗೊತ್ತೇನು..." ರೇಣುಕಾ ಶುರುಮಾಡಿದಳು.

"ಬಾಯಿ ಮುಚ್ಚು!" ಮಿಷಿನ್ನು ನಿಂತಿತು. ಲಕ್ಷ್ಮಕ್ಕ ನನ್ನತ್ತ ತಿರುಗಿದಳು. "ಬಳ್ಳಾರ್ಯಾಗ ಇದ್ದಾಗಿಂದ ಕೇಳ್ಕೋತ ಬಂದೀನ್ರಿ ಆ ಪಿಕ್ಚರು. ಆಕಿ ಓಡಿಬಂದಾಳ. ನೀವೂ ನೋಡೀರಂತಲ್ಲ, ಹೇಳ್ರಿ, ಬಂದಾಳೋ ಇಲ್ಲೋ?"

ಸುದ್ದಿ ಖಚಿತವಾಗಿತ್ತು. ಕಣ್ಣಾರೆ ಕಂಡದ್ದು. ಸಾಕ್ಷಿಯೂ ಪಕ್ಕದಲ್ಲೇ ಕೂತಿತ್ತು.

"ಆ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತಮ್ಮ" ಎಂದೆ.