ಕಾಫಿ ಟ್ರೇ ಹಿಡಿದವಳ ನಡಿಗೆ

ಮೊನ್ನೆ ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ವಾಟ್ಸಾಪ್‌ಗೆ ಒಂದು ವಿಡಿಯೋ ಬಂತು. ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಕಾಫಿ ಟ್ರೇ ಹಿಡಿದು ಅಡುಗೆಮನೆಯಿಂದ ಹಾಲ್‌ಗೆ ನಡೆದು ಬರುತ್ತಾಳೆ. ಅಷ್ಟೇ. ಮುಖವನ್ನು ಕತ್ತರಿಸಿದ್ದಾರೆ. ಟ್ರೇಯಿಂದ ಕೆಳಗೆ ಮಾತ್ರ ಕಾಣುತ್ತದೆ.

ಹಿಂದೆಯೇ ಫೋನ್. ಇಲ್ಲೇ ದೆಹಲಿಯ ಸರೋಜಿನಿ ನಗರದ ಪದ್ಮಕ್ಕ. (ಪ್ರತಿ ಯುಗಾದಿಗೆ ವಸಂತ್ ಕುಂಜ್‌ವರೆಗೆ ನನಗೆ ಒಬ್ಬಟ್ಟು ಕಳಿಸುವವರು. ಅದಕ್ಕೇ ಎತ್ತಿದೆ.)

“ನಮ್ಮ ಕಾರ್ತಿಕ್‌ಗೆ ನೋಡಿರೋ ಹುಡುಗಿ ಕಣೇ. ಎಲ್ಲಾ ಒಪ್ಪಿಗೆ. ಎಡಗಾಲು ಮಾತ್ರ ಸ್ವಲ್ಪ ಎಳೀತಾಳೇನೋ ಅಂತ ಡೌಟು. ನೀನು ಇದರಲ್ಲೇ ಪಿಎಚ್‌ಡಿ ಮಾಡಿದೀಯಲ್ಲ, ಸ್ಲೋ ಮೋಷನ್‌ನಲ್ಲಿ ನೋಡಿ ಹೇಳ್ಬಿಡು.”

ಮೈಯೆಲ್ಲಾ ಉರಿದುಹೋಯಿತು!

ನನ್ನ ಕೆಲಸ ನಿಮಗೆ ಗೊತ್ತು. ಮನುಷ್ಯ ನಡೆಯುವಾಗ ಯಾವ ಸ್ನಾಯು ಯಾವಾಗ ಬಿಗಿಯುತ್ತದೆ, ಮೊಣಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಳೆಯುವುದು. ಬಯೋಮೆಕಾನಿಕ್ಸ್. ಕಾಲು ಕಳೆದುಕೊಂಡ ಯೋಧರು, ಲಕ್ವ ಹೊಡೆದವರು ಮತ್ತೆ ನಡೆಯಲಿ ಎಂದು. ಅವರ ಮೈಗೆ ಒಂದು ಸೆನ್ಸರ್ ಅಂಟಿಸುವುದಕ್ಕೂ ಮೊದಲು “ಅಂಟಿಸಲಾ?” ಎಂದು ಕೇಳುತ್ತೇನೆ.

“ಪದ್ಮಕ್ಕ, ಆ ಹುಡುಗೀನ ಕೇಳಿ ತೆಗೆದಿರಾ?”

“ಅಯ್ಯೋ, ಕೇಳಿದ್ರೆ ನೆಟ್ಟಗೆ ನಡೆದುಬಿಡ್ತಾಳಲ್ಲೇ!”

ಲ್ಯಾಬ್‌ನಲ್ಲಿ ನಾವು ಮೊದಲ ಕೆಲವು ಸುತ್ತಿನ ನಡಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಎಂಥವರ ಹೆಜ್ಜೆಯೂ ಬದಲಾಗುತ್ತದೆ. ಇಲ್ಲಿ ಹೊಸ ಸೀರೆ, ಬಿಸಿ ಕಾಫಿ, ಸೋಫಾ ತುಂಬ ಗಂಡಿನ ಕಡೆಯವರು. ನಾನಾಗಿದ್ದರೆ ಟ್ರೇ ಸಮೇತ ಬೀಳುತ್ತಿದ್ದೆ. ಹಿಂದೆ ಹುಡುಗಿಯನ್ನು ಎದುರಿಗೇ ನಡೆಸಿ ನೋಡುತ್ತಿದ್ದರು. ಈಗ ನಾವು ಮಾಡರ್ನ್ ಅಲ್ಲವೇ? ಕದ್ದು ವಿಡಿಯೋ ಮಾಡಿ ಎಕ್ಸ್‌ಪರ್ಟ್‌ಗೆ ಕಳಿಸುತ್ತೇವೆ.

“ನಾನು ಏನೂ ಹೇಳಲ್ಲ. ಮೊದಲು ಅದನ್ನ ಡಿಲೀಟ್ ಮಾಡಿ” ಎಂದು ಫೋನ್ ಇಟ್ಟೆ. ದೋಸೆ ಸೀದು ಕರಕಲಾಗಿತ್ತು. ಮುಗಿಯಿತು ಅಂದುಕೊಂಡೆ.

ಎಲ್ಲಿ ಮುಗಿಯುತ್ತದೆ? ಬುಧವಾರ ತರಕಾರಿ ಭಯ್ಯಾನ ಗಾಡಿ ಹತ್ತಿರ ನಮ್ಮ ಕನ್ನಡ ಬಳಗದವರೊಬ್ಬರು ಸಿಕ್ಕು ಪಿಸುಗುಟ್ಟಿದರು: “ಪದ್ಮಕ್ಕ ಆ ಸಂಬಂಧ ಬಿಟ್ಟರಂತೆ. ಹುಡುಗಿಗೆ ಕಾಲು ಸರಿ ಇಲ್ಲ ಅಂತ ನೀವೇ ಹೇಳಿದ್ರಂತಲ್ಲ?”

ನಾನೇ ಹೇಳಿದೆನಂತೆ!

ಅಲ್ಲಿಂದಲೇ ಪದ್ಮಕ್ಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರಿಗೆ ಒಂದಿಷ್ಟೂ ನಾಟಲಿಲ್ಲ. “ಚೆನ್ನಾಗಿದ್ದಿದ್ರೆ ಚೆನ್ನಾಗಿದೆ ಅಂತಿದ್ದೆ ತಾನೇ? ನೀನು ಬಾಯಿ ಬಿಡಲಿಲ್ಲ ಅಂದ್ಮೇಲೆ ಏನೋ ಇದೆ ಅಂತಲೇ ಅರ್ಥ.”

ನನ್ನ ಮೌನವನ್ನೇ ಸರ್ಟಿಫಿಕೇಟ್ ಮಾಡಿ ಊರಿಗೆಲ್ಲಾ ಹಂಚಿದ್ದರು. ಇನ್ನು ದೆಹಲಿಯ ಯಾವ ಕನ್ನಡದ ಮನೆಗೆ ಆ ಹುಡುಗಿಯ ಸುದ್ದಿ ಹೋದರೂ ಮೊದಲು ಹೋಗುವುದು ಈ ಮಾತು. ನಾನು ಸುಮ್ಮನಿರುವುದು ಹೇಗೆ?

ಅವರಿವರನ್ನು ಕೇಳಿ ನಂಬರ್ ಹುಡುಕಿದೆ. ಹೆಸರು ಮೇಘನಾ. ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ದೆಹಲಿಯಲ್ಲೇ ಬೆಳೆದವಳು. ನಡೆದದ್ದನ್ನೆಲ್ಲಾ ಹೇಳಿದೆ.

“ಅಚ್ಛಾ, ಆ ಡಾಕ್ಟರ್ ನೀವೇನಾ ಆಂಟಿ?” ಅಂದಳು. ನನಗೆ ನಾಚಿಕೆಯಾಯಿತು. “ಸ್ಕೂಲಲ್ಲಿ ಬಾಸ್ಕೆಟ್‌ಬಾಲ್ ಆಡ್ವಾಗ ಮೊಣಕಾಲು ಹೋಗಿತ್ತು. ಸರ್ಜರಿ ಆಯ್ತು. ಅದರಲ್ಲಿ ಹೈಡ್ ಮಾಡೋದು ಏನಿದೆ? ಕಾರ್ತಿಕ್‌ಗೆ ಫಸ್ಟ್ ಡೇನೇ ಹೇಳಿದ್ದೆ. ಕೋಯಿ ಬಾತ್ ನಹೀಂ, ಪರವಾಗಿಲ್ಲ ಅಂದಿದ್ದ.”

“ಮತ್ತೆ ಅವನು ಅಮ್ಮನಿಗೆ ಹೇಳಲಿಲ್ವಾ?”



“ಆಂಟಿ, ವಿಡಿಯೋ ತೆಗೆದಿದ್ದೇ ಅವನು. ನಾನು ಟ್ರೇ ತರ್ತಾ ನೋಡ್ದೆ, ಫೋನ್ ಹಿಡ್ಕೊಂಡಿದ್ದ. ನನ್ನ ಫೋಟೋ ತೆಗೀತಿದಾನೆ ಅಂತ ಖುಷಿಯಾಗಿ ನಕ್ಕೆ ಕೂಡ.”

ಆ ನಗುವನ್ನು ಕತ್ತರಿಸಿ ಎಸೆದು, ಕಾಲನ್ನಷ್ಟೇ ತಪಾಸಣೆಗೆ ಕಳಿಸಿದವನನ್ನು ಯಾವ ಲ್ಯಾಬ್‌ಗೆ ಕಳಿಸೋಣ, ನೀವೇ ಹೇಳಿ?