ಅತ್ತೆಯ ಮಳೆಗೆ ಬಾರದ ಬಹುಮಾನ

ಎಂಬತ್ತರ ದಶಕದ ಆರಂಭ. ಮದುವೆಯಾಗಿ ನಾನು ಮಧುಗಿರಿಗೆ ಬಂದ ಎರಡನೆಯ ಬೇಸಿಗೆ. ಆ ದಿನವೂ ಎಂದಿನಂತೆ ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಬೀದಿ ನಲ್ಲಿಯಿಂದ ನೀರು ತಂದು ಹಂಡೆ ತುಂಬಿಸಿದ್ದೆ. ಅತ್ತೆ ಅಡುಗೆಮನೆಯ ಹೊಸ್ತಿಲಾಚೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಆದರೆ ನಮ್ಮಿಬ್ಬರ ಕಣ್ಣೂ ಗಳಿಗೆಗೊಮ್ಮೆ ಬೀದಿಯತ್ತ ಹೋಗಿ ಬರುತ್ತಿತ್ತು. ಬೆಂಗಳೂರಿನ ಬಸ್ಸಿನಲ್ಲಿ ಬರುವ ಪೇಪರನ್ನು ನನ್ನ ಯಜಮಾನರು ಬಸ್‌ಸ್ಟ್ಯಾಂಡಿನಿಂದ ತರಬೇಕಿತ್ತು.

ಹಿಂದಿನ ಸಂಜೆ ರೇಡಿಯೋದಲ್ಲಿ ಆ ವರ್ಷದ ಸಿನಿಮಾ ಪ್ರಶಸ್ತಿಗಳನ್ನು ಹೇಳಿದ್ದರು. ಅತ್ಯುತ್ತಮ ಚಿತ್ರ, ನಟ, ನಟಿ, ಅಷ್ಟೇ. ಆಮೇಲೆ ಮಳೆಗಾಳಿಯ ವರದಿಗೆ ಹೋಗಿಬಿಟ್ಟರು. ನಮಗೆ ಬೇಕಾಗಿದ್ದುದು ಉಳಿದವು. ನಾನು, ಅತ್ತೆ, ಪಕ್ಕದ ಮನೆಯ ಶಕೀಲಾ ಮೂವರೂ ನಲ್ಲಿಯ ಹತ್ತಿರ ಪಂದ್ಯ ಕಟ್ಟಿದ್ದೆವು. ನಾಯಕ ನಾಯಕಿಯ ವಿಷಯ ಯಾರು ಬೇಕಾದರೂ ಹೇಳುತ್ತಾರೆ, ಯಾರೂ ಗಮನಿಸದ ಬಹುಮಾನಗಳನ್ನು ನಾವು ಊಹಿಸೋಣ ಎಂದು. ಶಿರಾದಿಂದ ಬಂದ ಶಕೀಲಾಗೆ ಕಲಾ ನಿರ್ದೇಶನ. "ಆ ಜಮೀನ್ದಾರನ ಮನೆ ಚಿತ್ರಕ್ಕೆ ಮಾತ್ರ ಬರಾಕಿಲ್ಲ ಕಣ್ರೀ, ಹೀರೋ ಬಾಗ್ಲು ಹಾಕಿದ್ರೆ ಗೋಡೇನೇ ಅಲ್ಲಾಡ್ತದೆ" ಎನ್ನುತ್ತಿದ್ದಳು. ನನಗೆ ಸಂಕಲನ. ಅತ್ತೆ ಆರಿಸಿಕೊಂಡದ್ದು ಧ್ವನಿಗ್ರಹಣ.

ಇದರಲ್ಲಿ ವಿಚಿತ್ರವೆಂದರೆ, ಅತ್ತೆ ಆ ಯಾವ ಚಿತ್ರವನ್ನೂ ನೋಡಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅವರು ಟೆಂಟ್ ಸಿನಿಮಾದ ಕಡೆ ತಲೆ ಹಾಕಿದವರಲ್ಲ. ಮೊದಲೆಲ್ಲ ಇಬ್ಬರೂ ಚಾಪೆ ಸುತ್ತಿಕೊಂಡು ಪ್ರತಿ ವಾರ ಹೋಗುತ್ತಿದ್ದರಂತೆ. "ಗಂಡ ಹೋದೋಳು ಸಿನಿಮಾಕ್ಕೆ ಹೋದ್ಲು ಅಂತ ಆಡ್ಕಂಡ್ರೆ? ಎದುರು ಮನೆ ಸಾವಿತ್ರಮ್ಮ ಒಬ್ಳು ಸಾಕು, ಕೊರಟಗೆರೆವರ್ಗೂ ಸುದ್ದಿ ಮುಟ್ಟುಸ್ತಾಳೆ" ಎನ್ನುತ್ತಿದ್ದರು. ಆದರೆ ಟೆಂಟು ನಮ್ಮ ಹಿತ್ತಲಿನಿಂದ ಎರಡು ಓಣಿ ಆಚೆ. ಬಟ್ಟೆಯ ಗೋಡೆಗೆ ಶಬ್ದ ನಿಲ್ಲುತ್ತದೆಯೇ? ಸಂಜೆ ಮೊದಲ ಆಟ ಶುರುವಾದ ಕೂಡಲೇ ಅತ್ತೆ ಮೊರ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು. ಒಂದು ಚಿತ್ರ ಒಂದು ವಾರ ಇದ್ದರೆ ವಾರವಿಡೀ ಕೇಳುತ್ತಿದ್ದರು. ನಾನು ಸಿನಿಮಾ ನೋಡಿ ಬಂದು ಕಥೆ ಹೇಳಹೊರಟರೆ, "ಆ ವಿಲನ್ನು ಮೆಟ್ಲು ಹತ್ತುವಾಗ ಕೈಯಾಗೆ ಕೋಲೈತೋ, ಇಲ್ಲ ಕಾಲೇ ಕುಂಟೋ?" ಎಂದು ನನ್ನನ್ನೇ ಕೇಳುವರು. ನಾನು ಕಣ್ಣಾರೆ ನೋಡಿ ಬಂದವಳು, ಅದನ್ನು ಗಮನಿಸಿಯೇ ಇರುತ್ತಿರಲಿಲ್ಲ.

ಶಿವರಾತ್ರಿಯ ಸುಮಾರಿಗೆ ಒಂದು ಚಿತ್ರ ಬಂದಿತ್ತು. ದೋಣಿ ನಡೆಸುವವನೊಬ್ಬನ ಕಥೆ. ಮೊದಲ ದಿನ ಅತ್ತೆಗೆ ನೆಗಡಿ, ಒಳಗೆ ಮಲಗಿದ್ದರು. ಇದ್ದಕ್ಕಿದ್ದಂತೆ ಎದ್ದು "ಅಯ್ಯೋ ಲಲಿತಾ, ಮಳೆ ಬಂತು ಕಣಮ್ಮ, ಹುಣಸೇಹಣ್ಣು!" ಎಂದು ಕೂಗುತ್ತ ಹಿತ್ತಲಿಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಇಬ್ಬರೂ ಸೇರಿ ಚಾಪೆಯ ನಾಲ್ಕು ಮೂಲೆ ಹಿಡಿದು ಒಣಗಲು ಹರಡಿದ್ದ ಹಣ್ಣನ್ನೆಲ್ಲ ಒಳಗೆ ಎಳೆದು ತಂದೆವು. ಆಮೇಲೆ ತಲೆ ಎತ್ತಿ ನೋಡಿದರೆ ಒಂದು ಮೋಡವಿಲ್ಲ. ಟೆಂಟಿನೊಳಗೆ ಮಳೆ ಸುರಿಯುತ್ತಿತ್ತು! ಹಂಚಿನ ಮೇಲೆ ಬೀಳುವ ಹನಿ ಬೇರೆ, ನೀರಿನ ಮೇಲೆ ಬೀಳುವ ಹನಿ ಬೇರೆ ಎಂದು ಕೇಳಿಸುವಂಥ ಮಳೆ. ಅತ್ತೆ ಗೋಡೆಗೊರಗಿ ನಗತೊಡಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ಅಂದೇ ಅವರ ತೀರ್ಮಾನವಾಗಿತ್ತು. "ಈ ಸೀಮೇಲಿ ಹುಟ್ಟಿ ಬೆಳ್ದು ಮಳೆಗೆ ಕಾದು ಕಾದು ಕಿವಿ ಇಷ್ಟುದ್ದ ಆಗೈತೆ. ನನ್ನೇ ಏಮಾರಿಸ್ತು ಅಂದ್ರೆ ಬಹುಮಾನ ಅದಕ್ಕೇಯ."

ನನಗೆ ಆ ನಗುವನ್ನು ಟೆಂಟಿನೊಳಗೆ ನೋಡಬೇಕೆಂಬ ಆಸೆ ಹುಟ್ಟಿತು. ಆ ಚಿತ್ರ ಪ್ರಶಸ್ತಿ ಹೇಳಿದ ವಾರವೇ ಎರಡನೇ ಸಲ ನಮ್ಮೂರಿಗೆ ಬಂದಿತ್ತು. ಜಟಕಾದಲ್ಲಿ ಮೈಕು ಕಟ್ಟಿಕೊಂಡು ಕೂಗಿ ಹೋಗಿದ್ದರು. "ಬಹುಮಾನ ನಿಮ್ಮ ಚಿತ್ರಕ್ಕೇ ಬಂದರೆ ನನ್ನ ಜೊತೆ ಟೆಂಟಿಗೆ ಬರಬೇಕು ಅತ್ತೆ" ಎಂದೆ. "ಬತ್ತೀನಿ ಬುಡು" ಎಂದರು, ನೋಡೋಣ ಎಂಬಂತೆ. ತುಮಕೂರಿನ ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನು ನಾನು ಅಷ್ಟು ದಿನಗಳ ಮೇಲೆ ಮತ್ತೆ ಹೇಳಿಕೊಂಡೆ, ಒಂದು ಧ್ವನಿಗ್ರಹಣ ಪ್ರಶಸ್ತಿಗಾಗಿ!

ಯಜಮಾನರು ಪೇಪರ್ ತಂದರು. ಮೊದಲ ಪುಟದಲ್ಲಿ ನಟ ನಟಿಯರ ಫೋಟೋ. ಉಳಿದವು ಒಳಗಿನ ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ. ಶಕೀಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸಂಕಲನ, ನನ್ನದು ತಪ್ಪಿತ್ತು. ಕಲಾ ನಿರ್ದೇಶನ, ಗೋಡೆ ಅಲ್ಲಾಡಿದ ಚಿತ್ರಕ್ಕೇ ಬಂದಿತ್ತು. "ಯಾ ಅಲ್ಲಾ" ಎಂದು ಅವಳು ಹಣೆ ಹಿಡಿದುಕೊಂಡಳು, ಹಣೆಗೆಲ್ಲ ಹಿಟ್ಟು. ಮುಂದಿನ ಸಾಲು ಓದಿ ನನ್ನ ದನಿ ಇಳಿಯಿತು. ಧ್ವನಿಗ್ರಹಣ ಬೇರೊಂದು ಚಿತ್ರಕ್ಕೆ, ಆದಿಯಿಂದ ಅಂತ್ಯದವರೆಗೆ ಬರೀ ಹೊಡೆದಾಟವಿದ್ದ ಚಿತ್ರಕ್ಕೆ ಬಂದಿತ್ತು.

"ಯಾವ್ದು? ಆ ಕಿರುಚಾಟದ್ದಾ?" ಅತ್ತೆಯ ಕೈಯಲ್ಲಿನ ಹುಣಸೆಹಣ್ಣು ಹಾಗೇ ನಿಂತಿತು. "ಅದು ಬಂದಿದ್ದ ವಾರ ನಾನು ಕಿವಿಗೆ ಹತ್ತಿ ಇಟ್ಕಂಡಿದ್ದೆ!"

"ಹೋಗ್ಲಿ ಬಿಡಮ್ಮ" ಎಂದು ಯಜಮಾನರು ನಕ್ಕು ಸ್ನಾನಕ್ಕೆ ಹೋದರು. ನಾನು ಪೇಪರ್ ಮಡಿಸಿದೆ. ಪಂದ್ಯ ಸೋತಾಗಿತ್ತು, ಇನ್ನು ಕರೆಯಲು ನನಗೆ ಯಾವ ನೆಪವೂ ಇರಲಿಲ್ಲ. ಅತ್ತೆ ಮಧ್ಯಾಹ್ನದವರೆಗೆ ಹುಣಸೆಬೀಜಗಳನ್ನು ಪಟಪಟನೆ ಬಿಡಿಸಿ ಎಸೆದರು. ಊಟಕ್ಕೆ ಕೂತಾಗ ಸಾರಿನಲ್ಲಿ ಮುದ್ದೆ ಅದ್ದುತ್ತ ಅದ್ದುತ್ತ ಥಟ್ಟನೆ ಕೈ ನಿಲ್ಲಿಸಿದರು.

"ಆ ಮಳೆ ಇವತ್ತೂ ಐತೇನೇ ಟೆಂಟ್ನಾಗೆ?"

"ಇವತ್ತೇ ಕಡೆ ಅತ್ತೆ."

"ನೋಡೇ ಬುಡ್ತೀನಿ. ಅವ್ರಿಗೆ ಅದ್ರಾಗೆ ಏನು ಕಮ್ಮಿ ಕಾಣುಸ್ತೋ ನಾನೂ ನೋಡ್ಬೇಕು. ರಾತ್ರಿ ಅಡುಗೆ ಬೇಗ ಮುಗ್ಸು."

ಗೆದ್ದಿದ್ದರೆ ಅವರು ಬರುತ್ತಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಸಿಟ್ಟು ಅವರನ್ನು ಹೊರಡಿಸಿತ್ತು. ಅತ್ತೆ ಈಗಿಲ್ಲ. ಟಿವಿಯಲ್ಲಿ ಪ್ರಶಸ್ತಿ ಸಮಾರಂಭ ಬಂದಾಗ ಮನೆಯವರೆಲ್ಲ ಎದ್ದು ಹೋಗುವ ಹೊತ್ತಿಗೆ, ಆ ಸಣ್ಣ ಬಹುಮಾನಗಳ ಹೊತ್ತಿಗೆ, ನಾನು ಮಾತ್ರ ಸರಿಯಾಗಿ ಕೂರುತ್ತೇನೆ. ವೇದಿಕೆ ಹತ್ತುವವರ ಮುಖ ನನಗೆ ಪರಿಚಯವಿರುವುದಿಲ್ಲ. ಆದರೂ ಅವರ ಕೆಲಸವನ್ನು ಎಲ್ಲೋ ಯಾರೋ ಹಿತ್ತಲಲ್ಲಿ ಕೂತು ಮೆಚ್ಚಿರುತ್ತಾರೆ ಎಂದುಕೊಂಡು ಚಪ್ಪಾಳೆ ತಟ್ಟುತ್ತೇನೆ.

ಆ ಸಂಜೆ ಅತ್ತೆ ಟ್ರಂಕಿನಿಂದ ಬೂದು ಬಣ್ಣದ ಸೀರೆ ತೆಗೆದು ಉಟ್ಟರು. ಬಾಗಿಲು ದಾಟುವಾಗ ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದು ನನ್ನ ಮೊಣಕೈ ಹಿಡಿದುಕೊಂಡರು. ಎದುರು ಮನೆಯ ಜಗಲಿಯಲ್ಲಿ ಸಾವಿತ್ರಮ್ಮ ಕೂತು ಸೊಪ್ಪು ಸೋಸುತ್ತಿದ್ದರು. ಅತ್ತೆಯ ಹಿಡಿತ ಬಿಗಿಯಾಯಿತು. ಸಾವಿತ್ರಮ್ಮ ನಮ್ಮನ್ನು ನೋಡಿದರು, ನನ್ನ ಕಂಕುಳಲ್ಲಿದ್ದ ಚಾಪೆಯನ್ನು ನೋಡಿದರು. ಮತ್ತೆ ಸೊಪ್ಪಿನ ಕಡೆ ತಿರುಗಿ ಅಂದರು:

"ಟೆಂಟ್ಗಾ? ಹೆಂಗಸ್ರ ಕಡೆ ಕಂಬದ ಹಿಂದೆ ಕೂತ್ಕಬ್ಯಾಡ್ರಮ್ಮ, ಏನೂ ಕಾಣಾಕಿಲ್ಲ."